ಲಕ್ಷದ ಹೆಡ್‌ಫೋನಿಗೆ ಸೌಂಡೇ ಇಲ್ಲ, ಯಾಕೆ?

ಹೋದ ವರ್ಷ ಆಟಿ ತಿಂಗಳಲ್ಲಿ ಭಾವ ದುಬೈಯಿಂದ ಊರಿಗೆ ಬಂದಿದ್ದರು. ಪೆರ್ಲದ ಹತ್ತಿರ ನಮ್ಮ ಮನೆ. ಹೊರಗೆ ಜಡಿಮಳೆ. ಬ್ಯಾಗಿನಿಂದ ಖರ್ಜೂರ, ಬಾದಾಮಿ ಎಲ್ಲ ತೆಗೆದು ಹಂಚಿ ಆದ ಮೇಲೆ ಕೊನೆಗೆ ಒಂದು ದೊಡ್ಡ ಪೆಟ್ಟಿಗೆ ಹೊರಗೆ ಬಂತು. ಒಳಗೆ ಹೆಡ್‌ಫೋನು. ನಮ್ಮ ರೂಪಾಯಿ ಲೆಕ್ಕದಲ್ಲಿ ಒಂದು ಲಕ್ಷದ ಮೇಲೆ.

"ನಿನಗೆ ಇದರ ಹುಚ್ಚು ಉಂಟಲ್ಲ, ಒಮ್ಮೆ ನೋಡು ಭಾವ. ಇಷ್ಟು ಕೊಟ್ಟದ್ದಕ್ಕೆ ಸೌಂಡೇ ಇಲ್ಲ ಮಾರಾಯ. ಮಗನ ಇನ್ನೂರು ರೂಪಾಯಿಯ ಇಯರ್‌ಫೋನು ಇದಕ್ಕಿಂತ ಜೋರು" ಅಂದರು ನನಗೆ.

ನನ್ನ ಫೋನಿಗೆ ಡಾಂಗಲ್ (ಹೆಡ್‌ಫೋನಿನ ಪಿನ್ನು ಹಾಕಲು ಬೇಕಾದ ಸಣ್ಣ ತುಂಡು) ಸಿಕ್ಕಿಸಿ, ಅಪ್ಪ ಹಿಂದೊಮ್ಮೆ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ನಡೆಸುವ ಯಕ್ಷಗಾನ, ಹಾಕಿದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಅರ್ಥಧಾರಿ ಆಚೆ ಮನೆಯ ಜಗಲಿಯಲ್ಲಿ ಕೂತು ಮಾತಾಡಿದ ಹಾಗೆ ಕೇಳುತ್ತಿತ್ತು. ಹೆಡ್‌ಫೋನು ಹಾಳಾಗಿರಲಿಲ್ಲ. ಅದಕ್ಕೆ ಬೇಕಾದಷ್ಟು ವಿದ್ಯುತ್ತು ಫೋನಿನಿಂದ ಬರುತ್ತಿರಲಿಲ್ಲ, ಅಷ್ಟೆ.

ಇದನ್ನು ಭಾವನಿಗೆ ತಿಳಿಸಲು ನಾನು ಹಿಡಿದದ್ದು ನಮ್ಮ ಸುರಂಗವನ್ನು. ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳು ನಮಗೆ ಹೊಸತಲ್ಲ. ಒಳಗಿನ ನೀರು ತಾನಾಗಿ ಹರಿದು ಕೆರೆಗೆ ಬರುತ್ತದೆ. ತೋಟ ಕೆಳಗಿದ್ದರೆ ಪಂಪು ಬೇಡ. ಅದೇ ನೀರು ಗುಡ್ಡದ ತಲೆಗೆ ಹೋಗಬೇಕು ಅಂದರೆ ಪಂಪು ಇಡಲೇಬೇಕು. ಯಾವ ಪಂಪು ಅನ್ನುವುದಕ್ಕೂ ಎರಡು ಲೆಕ್ಕ ಉಂಟು. ನೀರು ಎಷ್ಟು ಎತ್ತರ ಏರಬೇಕು, ಎಷ್ಟು ನೀರು ಬೇಕು. ಎತ್ತರಕ್ಕೆ ತಳ್ಳುವ ಪಂಪು ನೀರು ಜಾಸ್ತಿ ಕೊಡಬೇಕೆಂದಿಲ್ಲ. ನೀರು ಜಾಸ್ತಿ ಕೊಡುವುದು ಎತ್ತರಕ್ಕೆ ಏರಿಸಬೇಕೆಂದೂ ಇಲ್ಲ.

ವೋಲ್ಟೇಜ್ ಅಂದರೆ ಆ ತಳ್ಳುವ ಒತ್ತಡ. ಕರೆಂಟು ಅಂದರೆ ಹರಿಯುವ ನೀರು. ಹೆಡ್‌ಫೋನಿನ ಮೇಲೆ ಬರೆದಿರುವ ಓಮ್, ಅಂದರೆ ಇಂಪೀಡೆನ್ಸ್, ಪೈಪಿನ ಸಪೂರ. 300 ಓಮಿನದ್ದು ಸಪೂರ ಪೈಪು. ನೀರು ಸ್ವಲ್ಪ ಸಾಕು, ಆದರೆ ತಳ್ಳಲು ಒತ್ತಡ ಬೇಕು. 20 ಓಮಿನದ್ದು ಅಗಲ ಪೈಪು. ಸಣ್ಣ ಒತ್ತಡಕ್ಕೂ ನೀರು ಧಾರಾಳ ಎಳೆಯುತ್ತದೆ. ಇಲ್ಲಿ ಪಂಪು ಅಂದರೆ ಆಂಪ್ಲಿಫೈಯರ್, ಬಾಯಿಮಾತಿನಲ್ಲಿ ಆಂಪು.

ಓಮ್ ಒಂದನ್ನೇ ನೋಡಿ "ಇದಕ್ಕೆ ಆಂಪ್ಲಿಫೈಯರ್ ಬೇಕು, ಅದಕ್ಕೆ ಬೇಡ" ಅನ್ನುವವರು ಬಹಳ ಮಂದಿ. ನಾನೂ ಕೆಲವು ವರ್ಷ ಹಾಗೇ ಹೇಳಿಕೊಂಡು ತಿರುಗಿದ್ದೆ. ಅದು ಅರ್ಧ ಸತ್ಯ. ಉಳಿದರ್ಧ ಇರುವುದು ಸೆನ್ಸಿಟಿವಿಟಿಯಲ್ಲಿ. ಕೊಟ್ಟ ನೀರಿನಲ್ಲಿ ತೋಟ ಎಷ್ಟು ಅಡಿಕೆ ಬಿಡುತ್ತದೆ ಅನ್ನುವ ಹಾಗೆ, ಕೊಟ್ಟ ವಿದ್ಯುತ್ತಿನಲ್ಲಿ ಹೆಡ್‌ಫೋನು ಎಷ್ಟು ಸದ್ದು ಮಾಡುತ್ತದೆ ಅನ್ನುವ ಲೆಕ್ಕ ಅದು. ಸದ್ದಿನ ಜೋರು ಅಳೆಯುವ ಡೆಸಿಬೆಲ್‌ನಲ್ಲಿ ಬರೆಯುತ್ತಾರೆ.

ಇಲ್ಲಿ ಒಂದು ಗುಂಡಿ ಉಂಟು, ಬೀಳಬೇಡಿ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು 1 ಮಿಲಿವಾಟ್‌ಗೆ ಇಷ್ಟು ಎಂದು ಬರೆಯುತ್ತವೆ. ಕೆಲವು 1 ವೋಲ್ಟಿಗೆ ಇಷ್ಟು ಎಂದು. ಒಂದು ಸೇರಿನ ಲೆಕ್ಕ, ಇನ್ನೊಂದು ಕಿಲೋದ ಲೆಕ್ಕ. ಸೆನ್‌ಹೈಸರ್ ಎಚ್‌ಡಿ 650ಕ್ಕೆ 103 ಡೆಸಿಬೆಲ್ ಎಂದು ಇರುವುದು 1 ವೋಲ್ಟಿಗೆ. ಅದನ್ನೇ ಮಿಲಿವಾಟ್‌ಗೆ ತಿರುಗಿಸಿದರೆ ಸುಮಾರು 98. ಆಡೆಝೆ ಎಲ್‌ಸಿಡಿ-ಎಕ್ಸ್‌ಗೂ 103 ಎಂದೇ ಬರೆದಿದೆ, ಆದರೆ ಅದು 1 ಮಿಲಿವಾಟ್‌ಗೆ. ಎರಡರಲ್ಲೂ 103 ಕಂಡಿತು ಎಂದು ಸಮ ಅಂದುಕೊಂಡರೆ ಲೆಕ್ಕ ತಪ್ಪಿತು.

ಈಗ ಮೂರು ಹೆಸರಾಂತ ಹೆಡ್‌ಫೋನುಗಳನ್ನು ತಕ್ಕಡಿಗೆ ಹಾಕೋಣ. ಮೂರರಿಂದಲೂ 110 ಡೆಸಿಬೆಲ್ ಬೇಕು ಎಂದು ಇಟ್ಟುಕೊಳ್ಳಿ. 110 ಕೇಳಿ ಹೆದರಬೇಡಿ. ಇಡೀ ರಾತ್ರಿ ಅಷ್ಟು ಜೋರಿನಲ್ಲಿ ಕೇಳುವುದಲ್ಲ. ಭಾಗವತರ ಹಾಡು 75ರಲ್ಲಿ ಹೋಗುತ್ತಿರುವಾಗ ಚೆಂಡೆಯ ಒಂದು ಪೆಟ್ಟು ಕ್ಷಣಮಾತ್ರ ಎಷ್ಟೋ ಮೇಲೆ ಹಾರುತ್ತದೆ. ಆ ಹಾರುವಿಕೆಗೆ ಜಾಗ ಬಿಡಬೇಕು.

ಎಚ್‌ಡಿ 650, 2003ರಲ್ಲಿ ಬಂದದ್ದು, 300 ಓಮ್. ಇದಕ್ಕೆ ಬೇಕಾದದ್ದು ಸುಮಾರು 2.2 ವೋಲ್ಟ್, 17 ಮಿಲಿವಾಟ್. ಕರೆಂಟು 7.5 ಮಿಲಿಆಂಪ್, ಅಂದರೆ ಏನೂ ಅಲ್ಲ. ಒತ್ತಡ ಬೇಕು, ನೀರು ಬೇಡ.

ಫೋಕಲ್ ಯುಟೋಪಿಯಾ, 2016ರದ್ದು, 80 ಓಮ್, 1 ಮಿಲಿವಾಟ್‌ಗೆ 104 ಡೆಸಿಬೆಲ್. ಬೆಲೆಯಲ್ಲಿ ಎಚ್‌ಡಿ 650ರ ಹತ್ತಿರ ಸುಳಿಯುವುದಿಲ್ಲ, ಎಷ್ಟೋ ಪಟ್ಟು ಜಾಸ್ತಿ. ಆದರೆ ಇದಕ್ಕೆ ಬೇಕಾದದ್ದು ಸುಮಾರು 4 ಮಿಲಿವಾಟ್, 0.57 ವೋಲ್ಟ್. ಒಂದು ಸಾಧಾರಣ ಯುಎಸ್‌ಬಿ-ಸಿ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ. ಅಂದರೆ ಲಕ್ಷಗಟ್ಟಲೆಯ ಹೆಡ್‌ಫೋನು ಜೇಬಿನೊಳಗಿನ ಡಾಂಗಲಿನಲ್ಲೇ ಬೇಕಾದಷ್ಟು ಜೋರಾಗುತ್ತದೆ! ಸುರಂಗದ ಕೆಳಗಿನ ತೋಟ ಇದು.

ಹೈಫೈಮ್ಯಾನ್ ಸುಸ್ವಾರಾ, 2017ರದ್ದು, 60 ಓಮ್. ಓಮ್ ನೋಡಿದರೆ ಯುಟೋಪಿಯಾಕ್ಕಿಂತ ಹಗುರ ಅನ್ನಿಸಬೇಕು. ಆದರೆ ಸೆನ್ಸಿಟಿವಿಟಿ 83. ಯುಟೋಪಿಯಾಕ್ಕಿಂತ 21 ಡೆಸಿಬೆಲ್ ಕಮ್ಮಿ. ಡೆಸಿಬೆಲ್‌ನಲ್ಲಿ 10 ಇಳಿದರೆ ವಿದ್ಯುತ್ತು ಹತ್ತು ಪಟ್ಟು ಬೇಕು, 20 ಇಳಿದರೆ ನೂರು ಪಟ್ಟು. ಹಾಗಾಗಿ ಇದಕ್ಕೆ ಅರ್ಧ ವಾಟ್, ಐದೂವರೆ ವೋಲ್ಟ್, 90 ಮಿಲಿಆಂಪ್ ಬೇಕು. ಎತ್ತರವೂ ಏರಬೇಕು, ನೀರೂ ಧಾರಾಳ ಬೇಕು. ಭಾವ ತಂದದ್ದೂ ಈ ಜಾತಿಯದ್ದೇ, ಇಷ್ಟು ಹಠಮಾರಿ ಅಲ್ಲದಿದ್ದರೂ. ಮೇಲಿಂದ ಅಪ್ಪನ ಕ್ಯಾಸೆಟ್ಟಿನ ರೆಕಾರ್ಡಿಂಗೇ ಮೆಲ್ಲಗೆ. ಈಗಿನ ಸಿನಿಮಾ ಹಾಡಿಗಿಂತ 15-20 ಡೆಸಿಬೆಲ್ ಕೆಳಗೆ ಇರಬಹುದು. ಹಾಗಿರುವಾಗ ಅರ್ಥಧಾರಿ ಆಚೆ ಮನೆಗೆ ಹೋಗದೆ ಇನ್ನೇನು ಮಾಡಿಯಾರು?

ಕಿವಿಯ ವಿಷಯ ಬಂದಾಗಲೇ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸರಾಸರಿ ಆದರೆ ವಾರಕ್ಕೆ 40 ಗಂಟೆಯವರೆಗೆ ತೊಂದರೆ ಇಲ್ಲ. 3 ಡೆಸಿಬೆಲ್ ಏರಿದ ಹಾಗೆಲ್ಲ ಆ ಸಮಯ ಅರ್ಧ ಆಗುತ್ತಾ ಹೋಗುತ್ತದೆ. ಒಳ್ಳೆ ಹೆಡ್‌ಫೋನಿನ ಅಪಾಯವೇ ಇದು. ಸ್ವರ ಒಡೆಯದೆ, ಕಿರಿಕಿರಿ ಇಲ್ಲದೆ ಜೋರಾಗುತ್ತದೆ. ಎಷ್ಟು ಜೋರಾಯಿತೆಂದು ಗೊತ್ತೇ ಆಗುವುದಿಲ್ಲ.

ಇಲ್ಲಿಯವರೆಗೆ ಬರೇ ಜೋರಿನ ಮಾತಾಯಿತು. ಆಂಪ್ಲಿಫೈಯರಿನ ಜೊತೆ ಹೆಡ್‌ಫೋನು ಹೊಂದಬೇಕು ಅನ್ನುವುದು ನಿಜವಾಗಿ ಬರುವುದು ಇನ್ನೊಂದು ಕಡೆ. ಅದನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುವುದೇ ಇಲ್ಲ. ಔಟ್‌ಪುಟ್ ಇಂಪೀಡೆನ್ಸ್ ಅನ್ನುತ್ತಾರೆ. ಪಂಪಿನ ಬಾಯಿಯೇ ಸಪೂರ ಇದ್ದರೆ ಹೇಗೋ ಹಾಗೆ.

ಹೆಡ್‌ಫೋನಿನ ಓಮ್ ಎಂದು ಡಬ್ಬಿಯಲ್ಲಿರುವುದು ಒಂದೇ ಸಂಖ್ಯೆ. ಆದರೆ ಸುರುಳಿ ಇರುವ ಸಾಮಾನ್ಯ ಹೆಡ್‌ಫೋನಿನಲ್ಲಿ ಅದು ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಎಚ್‌ಡಿ 650ರಲ್ಲಿ 300 ಎಂದು ಬರೆದಿದ್ದರೂ 100 ಹರ್ಟ್ಸ್‌ನ ಆಸುಪಾಸಿನಲ್ಲಿ ಸುಮಾರು 500ಕ್ಕೆ ಏರುತ್ತದೆ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ 1 ಓಮಿನ ಆಸುಪಾಸಿನಲ್ಲಿದ್ದರೆ ಇದರಿಂದ ಏನೂ ಆಗದು. 120 ಓಮ್ ಇದ್ದರೆ? ಆ ಗಂಭೀರ ಸ್ವರಗಳ ಜಾಗದಲ್ಲಿ ವೋಲ್ಟೇಜ್ ಜಾಸ್ತಿ ಉಳಿಯುತ್ತದೆ. ಲೆಕ್ಕ ಹಾಕಿದರೆ ಸುಮಾರು 1 ಡೆಸಿಬೆಲ್ ಏರಿಕೆ. ಮದ್ದಳೆಯ ಗುಂಕಾರ ಒಂದು ಚೂರು ತುಂಬಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪುಗಳಲ್ಲಿ (ಹಳೆ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವಂಥದ್ದು) ಈ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿಯೇ ಇರುತ್ತದೆ. ಎಚ್‌ಡಿ 600, 650ಗಳನ್ನು ಇಂಥ ಆಂಪುಗಳಿಗೆ ಕಟ್ಟಿ "ಆಹಾ, ಬೆಚ್ಚಗಿನ ಸ್ವರ" ಅನ್ನುವುದಕ್ಕೆ ಒಂದು ಮುಖ್ಯ ಕಾರಣ ಇದು. ವಾಲ್ವ್ ಸೇರಿಸುವ ಹಿತವಾದ ಡಿಸ್ಟಾರ್ಶನ್, ಅಂದರೆ ಮೂಲ ಸ್ವರಕ್ಕೆ ಬರುವ ಸಣ್ಣ ವಿರೂಪ, ಸ್ವಲ್ಪ ಇನ್ನೊಂದು ಕಾರಣ. ಮಾಯೆ ಮಂತ್ರ ಏನೂ ಇಲ್ಲ. ಆದರೆ ಕೇಳಲು ಚೆಂದ, ಅದನ್ನು ನಾನು ಅಲ್ಲಗಳೆಯುವವನಲ್ಲ.

ಅದೇ ವಾಲ್ವ್ ಆಂಪಿಗೆ 20 ಓಮಿನ ಪ್ಲೇನಾರ್, ಅಂದರೆ ಸುರುಳಿಯ ಬದಲು ತೆಳು ಹಾಳೆ ಇರುವ ಹೆಡ್‌ಫೋನು, ಕಟ್ಟಿದರೆ? ಪ್ಲೇನಾರಿನ ಓಮ್ ಎಲ್ಲ ಸ್ವರಕ್ಕೂ ಬಹುತೇಕ ಒಂದೇ. ಹಾಗಾಗಿ ಸ್ವರದ ಬಣ್ಣ ಬದಲಾಗುವುದಿಲ್ಲ. ಆದರೆ ವಿದ್ಯುತ್ತು ಮುಕ್ಕಾಲಕ್ಕಿಂತ ಜಾಸ್ತಿ ಆಂಪಿನ ಬಾಯಲ್ಲೇ ಸೋರಿ ಹೋಗುತ್ತದೆ. ಕೆಟ್ಟ ಜೋಡಿ. ಇನ್ನು ಕಿವಿಯೊಳಗೆ ಹಾಕುವ ದುಬಾರಿ ಇಯರ್‌ಫೋನುಗಳು ಇದಕ್ಕಿಂತ ಕಷ್ಟ. ಸದ್ದು ಹೊರಡಿಸುವ ನಾಲ್ಕೈದು ಸಣ್ಣ ಸಣ್ಣ ಡ್ರೈವರುಗಳನ್ನು ಒಂದರಲ್ಲೇ ತುಂಬಿರುತ್ತಾರೆ. ಒಂದು ಸ್ವರಕ್ಕೆ 32 ಓಮ್, ಇನ್ನೊಂದಕ್ಕೆ 8 ಓಮ್ ಆಗುವುದುಂಟು. 10 ಓಮ್ ಔಟ್‌ಪುಟ್ ಇಂಪೀಡೆನ್ಸಿನ ಆಂಪು ಕೊಟ್ಟರೆ ಆ ಎರಡು ಸ್ವರಗಳ ನಡುವೆ 4.7 ಡೆಸಿಬೆಲ್ ವ್ಯತ್ಯಾಸ ಬರುತ್ತದೆ. ಕಂಪನಿ ಮಾಡಿ ಕಳಿಸಿದ ಇಯರ್‌ಫೋನೇ ಅಲ್ಲ ಅದು ಆಮೇಲೆ. 1 ಓಮಿನ ಆಂಪಿನಲ್ಲಿ ಇದೇ ವ್ಯತ್ಯಾಸ 1 ಡೆಸಿಬೆಲ್ ಒಳಗೆ ಉಳಿಯುತ್ತದೆ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನ ಓಮಿನ ಎಂಟರಲ್ಲಿ ಒಂದು ಪಾಲಿಗಿಂತ ಕಮ್ಮಿ ಇರಲಿ ಎನ್ನುವ ಮಾತು ಬಂದದ್ದು ಇದರಿಂದಲೇ.

ಈಗ ಹೆಡ್‌ಫೋನುಗಳ ಜಾತಿಗೆ ಬರೋಣ. ಡೈನಮಿಕ್ ಅಂದರೆ ಸ್ಪೀಕರಿನ ಮರಿ. ಸುರುಳಿ, ಆಯಸ್ಕಾಂತ, ನಡುವೆ ಅಲುಗುವ ಪರದೆ. ಪ್ಲೇನಾರ್‌ನಲ್ಲಿ ತೆಳು ಹಾಳೆಯ ಮೇಲೆಯೇ ತಂತಿಯ ಗೆರೆ ಎಳೆದು, ಆಯಸ್ಕಾಂತಗಳ ಎದುರು ಇಟ್ಟಿರುತ್ತಾರೆ. ಇಡೀ ಹಾಳೆ ಒಟ್ಟಿಗೆ ಅಲುಗುತ್ತದೆ. ತೀರ ಕೆಳಗಿನ ಸ್ವರಗಳು ಇದರಲ್ಲಿ ಚೆನ್ನಾಗಿ ನಿಲ್ಲುತ್ತವೆ. ಎಚ್‌ಡಿ 650ರಲ್ಲಿ ಆ ಪಾತಾಳದ ಸ್ವರ ಮೆಲ್ಲಗೆ ಕರಗುತ್ತದೆ. ಮೂರನೆಯದು ಎಲೆಕ್ಟ್ರೋಸ್ಟ್ಯಾಟಿಕ್. ಜಪಾನಿನ ಸ್ಟ್ಯಾಕ್ಸ್ ಕಂಪನಿ 1960ರಲ್ಲೇ ಮಾರುಕಟ್ಟೆಗೆ ಬಿಟ್ಟದ್ದು. ಇದಕ್ಕೆ ಸಾಮಾನ್ಯ ಹೆಡ್‌ಫೋನ್ ಆಂಪು ನಡೆಯುವುದಿಲ್ಲ. ಈಗಿನ ಸ್ಟ್ಯಾಕ್ಸ್‌ಗೆ ಹಾಳೆಯ ಮೇಲೆ ಸದಾ 580 ವೋಲ್ಟ್ ನಿಲ್ಲಿಸುವ (ಬಯಾಸ್ ಅನ್ನುತ್ತಾರೆ) ಅದಕ್ಕೆಂದೇ ಮಾಡಿದ ಆಂಪು ಬೇಕು. ಇಲ್ಲಿ ಹೊಂದಾಣಿಕೆಯ ಚರ್ಚೆ ಕಮ್ಮಿ, ಹೆಚ್ಚಾಗಿ ಗಂಡು ಹೆಣ್ಣು ಎರಡೂ ಒಂದೇ ಮನೆಯಿಂದ.

ಯಾವ ಜಾತಿ ಮೇಲು ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಜಾತಿಗಿಂತ ಟ್ಯೂನಿಂಗ್ ಮುಖ್ಯ. ಯಾವ ಸ್ವರ ಎಷ್ಟು ಮುಂದೆ, ಯಾವುದು ಎಷ್ಟು ಹಿಂದೆ ಅನ್ನುವುದು. ಸೆನ್‌ಹೈಸರ್ ಎಚ್‌ಡಿ 800, 2009ರಲ್ಲಿ ಬಂದಾಗ ಸ್ವರಗಳನ್ನು ಬಿಡಿಸಿ ಹರಡಿ ಇಡುವುದರಲ್ಲಿ ಎತ್ತಿದ ಕೈ ಎಂದು ಹೊಗಳಿಸಿಕೊಂಡಿತು. ಆದರೆ 6,000 ಹರ್ಟ್ಸ್ ಹತ್ತಿರ ಒಂದು ಏರು ಇತ್ತು. 2016ರ ಎಚ್‌ಡಿ 800 ಎಸ್‌ನಲ್ಲಿ ಅದನ್ನು ಹೀರಿಕೊಳ್ಳುವ ಏರ್ಪಾಡು ಮಾಡಿದರು. ಆ ಜಾಗ ಯಾವುದು ಗೊತ್ತಾ? ನಮ್ಮ ತೆಂಕುತಿಟ್ಟಿನ ಚಕ್ರತಾಳದ ಲೋಹದ ಹೊಳಪು ಇರುವ ಆಸುಪಾಸು. ಪಿಟೀಲು ಕಚೇರಿಗೆ ಗಾಳಿ ಬೆಳಕು ತುಂಬುವ ಏರು, ಚಕ್ರತಾಳಕ್ಕೆ ಸೂಜಿ ಆಗಬಹುದು. 2012ರ ನಂತರ ಹಾರ್ಮನ್ ಕಂಪನಿಯ ಸಂಶೋಧಕ ಷಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿದರು. ಒಳ್ಳೆ ಸ್ಪೀಕರು ಒಳ್ಳೆ ಕೋಣೆಯಲ್ಲಿ ಕೇಳಿಸುವ ಹಾಗಿರುವ ಹೆಡ್‌ಫೋನೇ ಹೆಚ್ಚಿನವರಿಗೆ ಇಷ್ಟ ಎಂದು ಕಂಡಿತು. ಬೆಲೆ ನೋಡಿ ಯಾರಿಗೂ ಇಷ್ಟ ಆಗಲಿಲ್ಲ, ಯಾಕೆಂದರೆ ಬೆಲೆ ಹೇಳಿರಲಿಲ್ಲ!

ಇನ್ನು ತೂಕ. ಎಚ್‌ಡಿ 650 ಸುಮಾರು 260 ಗ್ರಾಂ. ಎಲ್‌ಸಿಡಿ-ಎಕ್ಸ್ 600 ಗ್ರಾಂ ದಾಟುತ್ತದೆ. ಅಂಗಡಿಯಲ್ಲಿ ಹತ್ತು ನಿಮಿಷ ಹಾಕಿದಾಗ ಇದು ಗೊತ್ತಾಗದು. ಮೂರು ಗಂಟೆಯ ಪ್ರಸಂಗ ಕೇಳಿ ನೋಡಿ, ಕುತ್ತಿಗೆ ಹೇಳುತ್ತದೆ.

ನಮ್ಮ ಕಡೆಯವರು ಮರೆಯುವ ಇನ್ನೊಂದು ಸಂಗತಿ ಮಳೆ. ಮೇಲೆ ಹೇಳಿದ ದೊಡ್ಡ ಹೆಸರುಗಳೆಲ್ಲ ಹಿಂಬದಿ ತೆರೆದ ಹೆಡ್‌ಫೋನುಗಳು. ಗಾಳಿ ಆಡಲು ಜಾಲರಿ ಇರುತ್ತದೆ. ಒಳಗಿನದ್ದು ಹೊರಗೆ, ಹೊರಗಿನದ್ದು ಒಳಗೆ ಧಾರಾಳ ಬರುತ್ತದೆ. ಜೂನ್-ಜುಲೈಯಲ್ಲಿ ಅಂಗಳದ ತಗಡಿನ ಮಾಡಿಗೆ ಮಳೆ ಬೀಳುವಾಗ ಆರು ಲಕ್ಷದ್ದೂ ಅಷ್ಟೆ, ಆರು ಸಾವಿರದ್ದೂ ಅಷ್ಟೆ. ಮೇ ಕೊನೆಗೆ ಪತ್ತನಾಜೆ ಆಗಿ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ರೆಕಾರ್ಡಿಂಗ್ ಕೇಳುವ ಆಸೆ ಜಾಸ್ತಿ. ಮಳೆಯ ಆ ನಾಲ್ಕು ತಿಂಗಳೇ ತೆರೆದ ಹೆಡ್‌ಫೋನಿಗೆ ಆಗದ ಕಾಲ. ನಾನು ಮಳೆಗಾಲಕ್ಕೆಂದು ಮುಚ್ಚಿದ ಹೆಡ್‌ಫೋನು ಬೇರೆ ಇಟ್ಟುಕೊಂಡಿದ್ದೇನೆ. ಕಿವಿಯ ಮೆತ್ತೆಗೆ ಬೂಸಲು ಬರದ ಹಾಗೆ ಅದರ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಗುಡುಗು ಶುರುವಾದರೆ ಆಂಪಿನ ಪ್ಲಗ್ಗನ್ನೇ ಕೀಳುವುದು. ಸ್ವಿಚ್ ಆಫ್ ಮಾಡಿದರೆ ಸಾಲದು.

ಭಾವನಿಗೆ ಕೊನೆಗೆ ಒಂದು ಮೇಜಿನ ಆಂಪು ತರಿಸಿದೆವು. 32 ಓಮಿಗೆ ಒಂದು ವಾಟಿನ ಮೇಲೆ ಕೊಡುವಂಥದ್ದು, ಔಟ್‌ಪುಟ್ ಇಂಪೀಡೆನ್ಸ್ 1 ಓಮಿಗಿಂತ ಕಮ್ಮಿ. ಬಂದ ದಿನವೇ ಲ್ಯಾಪ್‌ಟಾಪಿಗೆ ಕಟ್ಟಿದೆ. ಹಿಂದೆ ಸಣ್ಣಗೆ "ಗುಂಯ್". ಆಂಪು ಸರಿ ಇಲ್ಲ ಎಂದು ವಾಪಸ್ ಕಳಿಸುವ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿದೆ. ಸದ್ದು ನಿಂತಿತು. ಆ ಕೋಣೆಯ ಸಾಕೆಟ್ಟಿಗೆ ಅರ್ತಿಂಗೇ ಸರಿ ಇರಲಿಲ್ಲ. ಮುರಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಒಣಗುವುದು ಇಲ್ಲಿ ಮಾಮೂಲು. ಆದರೆ ನಮ್ಮಲ್ಲಿ ಮಳೆಗಾಲದಲ್ಲೂ ತಂತಿ ತುಂಡಾಗಿ ಬಿದ್ದಿತ್ತು.

ಆಮೇಲೆ ನನ್ನ ಹಳೆ ಆಂಪಿಗೂ ಇದಕ್ಕೂ ಹೋಲಿಕೆ ಶುರು. ನಾನು ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟೆ. "ಹೊಸತರಲ್ಲಿ ಚೆಂಡೆಯ ಪೆಟ್ಟಿಗೆ ಜೀವ ಜಾಸ್ತಿ." ಭಾವನ ಮಗ ಇಂಜಿನಿಯರಿಂಗ್ ಓದುವ ಹುಡುಗ. "ಮಾವ, ಎರಡರದ್ದೂ ವಾಲ್ಯೂಮ್ ಒಂದೇ ಉಂಟಾ?" ಅಂದ. ಕಣ್ಣಂದಾಜಿಗೆ ಒಂದೇ ಇಟ್ಟಿದ್ದೆ. ಅವನು ಮಲ್ಟಿಮೀಟರ್ ತಂದ. 300 ಹರ್ಟ್ಸ್‌ನ ಸ್ವರ ಹಾಕಿ ಎರಡರ ಔಟ್‌ಪುಟ್ ವೋಲ್ಟೇಜ್ ಅಳೆದ. ಅಗ್ಗದ ಮೀಟರುಗಳು 400 ಹರ್ಟ್ಸ್ ದಾಟಿದರೆ ಸರಿಯಾಗಿ ಅಳೆಯುವುದಿಲ್ಲ, ಅದಕ್ಕೇ 300. ಹೊಸ ಆಂಪು ಸುಮಾರು 1 ಡೆಸಿಬೆಲ್ ಜೋರಿತ್ತು. ಅಷ್ಟು ಸಣ್ಣ ವ್ಯತ್ಯಾಸ ಜೋರು ಎಂದು ಕೇಳುವುದಿಲ್ಲ, ಚೆಂದ ಎಂದು ಕೇಳುತ್ತದೆ. ಕಿವಿಯ ಮೋಸ ಇದು, ಎಲ್ಲರ ಕಿವಿಯದ್ದೂ.

ಎರಡನ್ನೂ ಸಮ ಮಾಡಿ, ನನ್ನ ಬೆನ್ನ ಹಿಂದೆ ಅವನು ತಂತಿ ಬದಲಿಸುತ್ತಾ ಹನ್ನೆರಡು ಸಲ ಕೇಳಿಸಿದ. ಆರು ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಭಾವ ನಕ್ಕದ್ದು ಅಡುಗೆಮನೆಗೂ ಕೇಳಿರಬೇಕು.

ಆಂಪುಗಳೆಲ್ಲ ಒಂದೇ ಎಂದಲ್ಲ ಇದರ ಅರ್ಥ. ಸಾಕಷ್ಟು ವೋಲ್ಟೇಜ್, ಸಾಕಷ್ಟು ಕರೆಂಟು, ಕಮ್ಮಿ ಔಟ್‌ಪುಟ್ ಇಂಪೀಡೆನ್ಸ್, ಹಿಂದೆ ಸುಂಯ್ ಸದ್ದಿಲ್ಲ. ಈ ನಾಲ್ಕೂ ಇರುವ ಎರಡು ಟ್ರಾನ್ಸಿಸ್ಟರ್ ಆಂಪುಗಳ ನಡುವೆ ಉಳಿಯುವ ವ್ಯತ್ಯಾಸ ತೀರ ಸಣ್ಣದು. ಎರಡು ಹೆಡ್‌ಫೋನುಗಳ ನಡುವಿನದ್ದು ದೊಡ್ಡದು, ಮನೆಯ ಅಜ್ಜಿಗೂ ಗೊತ್ತಾಗುವಂಥದ್ದು. ಹಾಗಾಗಿ ದುಡ್ಡಿನ ಮುಕ್ಕಾಲು ಪಾಲು ಹೆಡ್‌ಫೋನಿಗೆ ಹೋಗಲಿ ಎನ್ನುವುದು ನನ್ನ ಅಭಿಪ್ರಾಯ. ಬ್ಯಾಲೆನ್ಸ್‌ಡ್ ಔಟ್‌ಪುಟ್ ಎಂದು ನಾಲ್ಕು ಪಿನ್ನಿನದ್ದು, 4.4 ಮಿಲಿಮೀಟರಿನದ್ದು ಬರುತ್ತದೆ. ವೋಲ್ಟೇಜ್ ಎರಡು ಪಟ್ಟಿನವರೆಗೂ ಸಿಗುತ್ತದೆ. ಹಠಮಾರಿ ಹೆಡ್‌ಫೋನಿಗೆ ಉಪಕಾರ, ಹಗುರದ್ದಕ್ಕೆ ಬೇಡ. ಬೆಳ್ಳಿ ತಂತಿಯ ಸಾವಿರಾರು ರೂಪಾಯಿಯ ಕೇಬಲ್ ಬಗ್ಗೆ ಕೇಳಬೇಡಿ, ಜಗಳ ಆಗುತ್ತದೆ.

ಕೊನೆಗೆ ಜಗಲಿಯಲ್ಲಿ ಕೂತಿದ್ದ ಅಪ್ಪನನ್ನು ಕರೆದು ಹೆಡ್‌ಫೋನು ಹಾಕಿದೆವು. ಅದೇ ತಾಳಮದ್ದಳೆ. ಈಗ ಅರ್ಥಧಾರಿ ಎದುರೇ ಕೂತಿದ್ದರು, ಮದ್ದಳೆಯ ಬೆರಳು ಬೇರೆ, ಅಂಗೈ ಬೇರೆ ಕೇಳುತ್ತಿತ್ತು. ಅಪ್ಪ ಎರಡು ಪದ ಮುಗಿಯುವವರೆಗೂ ಕಣ್ಣು ಮುಚ್ಚಿ ಕೂತರು. ಭಾವ ಹೊಗಳಿಕೆಗೆ ಕಾಯುತ್ತಿದ್ದರು.

"ಶ್ರುತಿ ಇಳಿದಿದೆ" ಅಂದರು ಅಪ್ಪ. "ಭಾಗವತರು ಅವತ್ತು ಹಾಡಿದ್ದು ಕಪ್ಪು ಮೂರರಲ್ಲಿ. ಇದು ಬಿಳಿ ನಾಲ್ಕು."

ಹಾರ್ಮೋನಿಯಂ ಮನೆಗಳ ಲೆಕ್ಕ ಅದು, ಅರ್ಧ ಸ್ವರ ಕೆಳಗೆ. ಟೇಪನ್ನು ಕಂಪ್ಯೂಟರಿಗೆ ಹಾಕುವಾಗ ಡೆಕ್ ನಿಧಾನ ಓಡಿತ್ತು. ಅಷ್ಟು ವರ್ಷ ಅದೇ ಫೈಲನ್ನು ಎಷ್ಟೆಷ್ಟೋ ಹೆಡ್‌ಫೋನಿನಲ್ಲಿ ಹೋಲಿಸಿ ಕೇಳಿದವನು ನಾನು, ಗೊತ್ತೇ ಆಗಿರಲಿಲ್ಲ. ಹುಡುಗ ಲ್ಯಾಪ್‌ಟಾಪ್ ಎಳೆದುಕೊಂಡು ವೇಗವನ್ನು ಶೇಕಡಾ 6ರಷ್ಟು ಏರಿಸಿದ. ಅಪ್ಪ ಮತ್ತೆ ಹೆಡ್‌ಫೋನು ಹಾಕಿಕೊಂಡರು. ಈ ಸಲ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು.